ಮಾಸ್ಕೋದಲ್ಲಿ ಬಾವುಟ ಇಳಿದ ವರ್ಷ

1953ರ ಫೆಬ್ರವರಿ 17ರ ಸಂಜೆ ಭಾರತದ ರಾಯಭಾರಿ ಕೆ.ಪಿ.ಎಸ್. ಮೆನನ್ ಕ್ರೆಮ್ಲಿನ್‌ನಲ್ಲಿ ಸ್ಟಾಲಿನ್ ಎದುರು ಕೂತಿದ್ದರು. ಮಾತು ಒಂದು ಕಡೆ ನಡೆಯುತ್ತಿತ್ತು, ಸ್ಟಾಲಿನ್ ಕೈಯಲ್ಲಿದ್ದ ಪೆನ್ಸಿಲ್ ಇನ್ನೊಂದು ಕಡೆ ಓಡಾಡುತ್ತಿತ್ತು. ಮೆನನ್ ಕಣ್ಣು ಹಾಯಿಸಿದರು. ಕಾಗದದ ತುಂಬ ತೋಳಗಳು. ಸ್ವಲ್ಪ ಹೊತ್ತಿಗೆ ಮಾತೂ ತೋಳದ ಕಡೆಗೇ ತಿರುಗಿತು. ತೋಳಕ್ಕೆ ನೀತಿ ಹೇಳಿ ಫಲವಿಲ್ಲ ಎಂಬುದು ರಷ್ಯದ ರೈತನಿಗೆ ಗೊತ್ತು, ಅವನು ಅದನ್ನು ಕೊಂದೇ ಬಿಡುತ್ತಾನೆ ಎಂಬರ್ಥದಲ್ಲಿ ಸ್ಟಾಲಿನ್ ಏನೋ ಹೇಳಿದರು. ಅದಾಗಿ ಹದಿನಾರನೇ ದಿನ ಅವರು ತೀರಿಕೊಂಡರು. ಅವರನ್ನು ಕಂಡು ಮಾತಾಡಿಸಿದ ಕೊನೆಯ ವಿದೇಶಿ ರಾಜತಾಂತ್ರಿಕರು ಮೆನನ್.

ಭಾರತಕ್ಕೂ ಮಾಸ್ಕೋಗೂ ಏಳು ದಶಕಗಳಿಂದ ನಡೆದುಬಂದ ಸ್ನೇಹದ ಕಥೆಯನ್ನು ನಾನು ಈ ತೋಳಗಳಿಂದಲೇ ಶುರುಮಾಡುವುದು. ಸ್ಟಾಲಿನ್ ಇರುವವರೆಗೆ ಆ ಸ್ನೇಹ ಇರಲಿಲ್ಲ. ಸ್ವತಂತ್ರ ಭಾರತದ ಮೊದಲ ರಾಯಭಾರಿಯಾಗಿ ಹೋದ ವಿಜಯಲಕ್ಷ್ಮಿ ಪಂಡಿತರಿಗೆ ಎರಡು ವರ್ಷದಲ್ಲಿ ಒಂದು ಸಲವೂ ಸ್ಟಾಲಿನ್ ಭೇಟಿ ಸಿಗಲಿಲ್ಲ. ಸೋವಿಯತ್ ಪತ್ರಿಕೆಗಳ ಕಣ್ಣಿಗೆ ಗಾಂಧಿ, ನೆಹರೂ ಇಬ್ಬರೂ ಸಾಮ್ರಾಜ್ಯಶಾಹಿಯ ಕೈಯಾಳುಗಳು. ಆಮೇಲೆ ಹೋದವರು ಡಾ. ಎಸ್. ರಾಧಾಕೃಷ್ಣನ್, ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರು. ಅವರಿಗೆ ಎರಡು ಸಲ ಭೇಟಿ ಸಿಕ್ಕಿತು, ಬಾಗಿಲು ಒಂದಿಷ್ಟು ತೆರೆಯಿತು. ಪೂರ್ತಿ ತೆರೆಯಲು ಸ್ಟಾಲಿನ್ ಹೋಗಬೇಕಾಯಿತು.

ಹೋದ ಮೇಲೆ ಮಾತ್ರ ಎಲ್ಲ ಬೇಗ ಬೇಗ ಆಯಿತು. 1953ರ ಆಗಸ್ಟ್‌ನಲ್ಲಿ ಹೊಸ ಪ್ರಧಾನಿ ಮಾಲೆಂಕೊವ್ ಸುಪ್ರೀಮ್ ಸೋವಿಯತ್ತಿನಲ್ಲೇ ಭಾರತದ ಶಾಂತಿಯತ್ನವನ್ನು ಹೊಗಳಿದರು. ಡಿಸೆಂಬರ್‌ನಲ್ಲಿ ಮೊದಲ ವ್ಯಾಪಾರ ಒಪ್ಪಂದ. 1955ರ ಫೆಬ್ರವರಿಯಲ್ಲಿ ಭಿಲಾಯಿ ಉಕ್ಕಿನ ಕಾರ್ಖಾನೆಗೆ ಸಹಿ. ಜೂನ್‌ನಲ್ಲಿ ನೆಹರೂ ಮಾಸ್ಕೋಗೆ ಹೋದರು, ವರ್ಷದ ಕೊನೆಗೆ ಕ್ರುಶ್ಚೇವ್ ಮತ್ತು ಬುಲ್ಗಾನಿನ್ ಜೋಡಿ ಇಲ್ಲಿಗೆ ಬಂತು. ಆ ಪ್ರವಾಸದಲ್ಲಿ ಅವರು ಬೆಂಗಳೂರಿಗೂ ಬಂದಿದ್ದರು. ಶ್ರೀನಗರದಲ್ಲಿ ನಿಂತು, ಕಾಶ್ಮೀರ ಭಾರತದ ಭಾಗ ಎಂದು ಕ್ರುಶ್ಚೇವ್ ಮುಚ್ಚುಮರೆಯಿಲ್ಲದೆ ಹೇಳಿದರು. ಒಬ್ಬ ಮನುಷ್ಯ ಸತ್ತ ಎರಡೂಮುಕ್ಕಾಲು ವರ್ಷದಲ್ಲಿ ಒಂದು ದೇಶ ಇನ್ನೊಂದನ್ನು ನೋಡುವ ಕಣ್ಣೇ ಬೇರೆಯಾಗಿತ್ತು.

ಹಾಗಾದರೆ ಎಲ್ಲವೂ ಕುರ್ಚಿಯಲ್ಲಿ ಕೂತವರ ಮೇಲೆ ನಿಂತಿದೆಯೇ? ಬಹಳ ದಿನ ನಾನೂ ಹಾಗೆಯೇ ಅಂದುಕೊಂಡಿದ್ದೆ. ಮುಂದಿನದನ್ನೆಲ್ಲ ಓದುತ್ತ, ಕೆಲವನ್ನು ಕಣ್ಣಾರೆ ನೋಡುತ್ತ ಬಂದ ಮೇಲೆ ನನಗೆ ತೋರುವುದು ಬೇರೆ. ಹಳೆಯ ಮೈತ್ರಿಯೊಂದು ನಾಯಕ ಬದಲಾದ ಮಾತ್ರಕ್ಕೆ ಮುರಿದು ಬೀಳುವುದು ಅಪರೂಪ. ಆದರೆ ಅದನ್ನು ಉಳಿಸಿಕೊಳ್ಳಲು ತೆರಬೇಕಾದ ಬೆಲೆ ಬದಲಾಗುತ್ತದೆ, ಅದನ್ನು ತೆರುವವರು ರಾಜಧಾನಿಯಿಂದ ಬಹಳ ದೂರ ಇರುತ್ತಾರೆ. ಆ ಮಾತು ನನಗೆ ತಟ್ಟಿದ್ದು ಮೂಡಿಗೆರೆ ಕಡೆಯ ಒಂದು ಕಾಫಿ ಕಣದಲ್ಲಿ. ಅಲ್ಲಿಗೆ ಆಮೇಲೆ ಬರುತ್ತೇನೆ.

1964ರ ಮೇ ತಿಂಗಳಲ್ಲಿ ನೆಹರೂ ಹೋದರು, ಅದೇ ಅಕ್ಟೋಬರ್‌ನಲ್ಲಿ ಕ್ರುಶ್ಚೇವ್ ಅವರನ್ನು ಅವರ ಪಕ್ಷದವರೇ ಇಳಿಸಿದರು. ಸ್ನೇಹ ಕಟ್ಟಿದ ಇಬ್ಬರೂ ಐದು ತಿಂಗಳ ಅಂತರದಲ್ಲಿ ಇಲ್ಲವಾದರು. ಹೊಸಬರಾದ ಬ್ರೆಜ್ನೆವ್, ಕೊಸಿಗಿನ್ ಜೋಡಿ ಕೈಬಿಡಲಿಲ್ಲ, ಆದರೆ ತಕ್ಕಡಿಯ ಇನ್ನೊಂದು ತಟ್ಟೆಯ ಕಡೆಗೂ ನೋಡಿತು. ತಾಷ್ಕೆಂಟ್‌ನಲ್ಲಿ ಶಾಸ್ತ್ರಿಯವರನ್ನೂ ಪಾಕಿಸ್ತಾನದ ಅಯೂಬ್ ಖಾನರನ್ನೂ ಒಟ್ಟಿಗೆ ಕೂರಿಸಿದ ಕೊಸಿಗಿನ್, 1968ರಲ್ಲಿ ಪಾಕಿಸ್ತಾನಕ್ಕೆ ಶಸ್ತ್ರ ಕೊಡಲು ಒಪ್ಪಿದರು. ದಿಲ್ಲಿ ಎಷ್ಟು ಪ್ರತಿಭಟಿಸಿದರೂ ಅದು ನಡೆಯಿತು. ಮೂರೇ ವರ್ಷಕ್ಕೆ ಗಾಳಿ ಮತ್ತೆ ತಿರುಗಿತು. ಅಮೆರಿಕ ಚೀನಾದ ಕೈಹಿಡಿಯಲು ಹೊರಟಿತು, ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬಂದರು. 1971ರ ಆಗಸ್ಟ್ 9ರಂದು ದಿಲ್ಲಿಯಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರಾದ ಸ್ವರಣ್ ಸಿಂಗ್ ಮತ್ತು ಗ್ರೊಮಿಕೊ ಇಪ್ಪತ್ತು ವರ್ಷದ ಮೈತ್ರಿ ಒಪ್ಪಂದಕ್ಕೆ ರುಜು ಹಾಕಿದರು. ಅದರ ಒಂಬತ್ತನೇ ಕಲಮೇ ಅದರ ಜೀವ. ಇಬ್ಬರಲ್ಲಿ ಒಬ್ಬರ ಮೇಲೆ ದಾಳಿಯಾದರೆ, ಆಗುವ ಭಯವಿದ್ದರೆ, ತಡಮಾಡದೆ ಕೂತು ಸಮಾಲೋಚಿಸಬೇಕು ಎಂದು ಅದರಲ್ಲಿತ್ತು.

ಈ ಒಪ್ಪಂದದ ಮೊದಲ ನಿಜವಾದ ಪರೀಕ್ಷೆ ಯುದ್ಧದಲ್ಲಿ ಆಗಲಿಲ್ಲ ಎಂದು ನನ್ನ ಅಭಿಪ್ರಾಯ. ಅದು ಆದದ್ದು 1977ರ ಮಾರ್ಚ್‌ನಲ್ಲಿ, ಮತಪೆಟ್ಟಿಗೆಯಲ್ಲಿ. ಇಂದಿರಾ ಗಾಂಧಿ ಸೋತರು, ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಅವರು ಹೇಳುತ್ತಿದ್ದದ್ದು ನಿಜವಾದ ಅಲಿಪ್ತ ನೀತಿ. ಸೋವಿಯತ್ ಒಪ್ಪಂದ ಬೇರೆಯವರ ಜೊತೆಗಿನ ಸ್ನೇಹಕ್ಕೆ ಅಡ್ಡ ಬರುವುದಾದರೆ ಅದು ಬದಲಾಗಬೇಕಾಗುತ್ತದೆ ಎಂದೂ ಸೂಚಿಸಿದ್ದರು. ವಿದೇಶಾಂಗ ಸಚಿವರಾಗಿ ಬಂದವರು ವಾಜಪೇಯಿ. ಜನಸಂಘದ ಬೆಂಚಿನಿಂದ ವರ್ಷಗಟ್ಟಲೆ ಮಾಸ್ಕೋದ ಕಡೆಗಿನ ವಾಲುವಿಕೆಯನ್ನು ಟೀಕಿಸಿದ್ದವರು. ಕ್ರೆಮ್ಲಿನ್‌ಗೆ ದಿಗಿಲಾಗಿರಬೇಕು. ಸರ್ಕಾರ ಬಂದು ತಿಂಗಳು ತುಂಬುತ್ತಿದ್ದಂತೆ, ಏಪ್ರಿಲ್ ಕೊನೆಯ ವಾರದಲ್ಲೇ ಗ್ರೊಮಿಕೊ ದಿಲ್ಲಿಗೆ ಧಾವಿಸಿದರು.

ಮುರಿಯಿತೇ? ಇಲ್ಲ. ಅಕ್ಟೋಬರ್‌ನಲ್ಲಿ ಮೊರಾರ್ಜಿ ತಾವೇ ಮಾಸ್ಕೋಗೆ ಹೋಗಿ ಬಂದರು, ಒಪ್ಪಂದದ ಒಂದಕ್ಷರವೂ ಅಳಿಸಲಿಲ್ಲ. ವಾಯುಪಡೆಯ ಮಿಗ್ ವಿಮಾನಗಳಿಗೆ ಬಿಡಿಭಾಗ ಅಲ್ಲಿಂದಲೇ ಬರಬೇಕು, ವಿಶ್ವಸಂಸ್ಥೆಯಲ್ಲಿ ಕಾಶ್ಮೀರದ ಮಾತು ಬಂದರೆ ವಿಟೊ ಅಲ್ಲಿಂದಲೇ ಬೀಳಬೇಕು. ಮತದಾರ ಸರ್ಕಾರ ಬದಲಿಸಬಹುದು, ಹ್ಯಾಂಗರಿನಲ್ಲಿ ನಿಂತಿರುವ ವಿಮಾನವನ್ನು ಬದಲಿಸಲಾರ. ಆದರೆ ಏನೂ ಬದಲಾಗಲಿಲ್ಲ ಎನ್ನುವಂತೆಯೂ ಇಲ್ಲ. ಅದೇ ಜನತಾ ಸರ್ಕಾರ 1978ರಲ್ಲಿ ಜಾಗ್ವಾರ್ ಯುದ್ಧವಿಮಾನವನ್ನು ಆರಿಸಿಕೊಂಡು ಯುರೋಪಿನ ಕಡೆಗೊಂದು ಕಿಟಕಿ ತೆರೆಯಿತು. ಆ ಜಾಗ್ವಾರ್‌ಗಳು ಮುಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. ಇಂದಿರಾ ಮರಳಿ ಬಂದ ಮೇಲೂ ಆ ಕಿಟಕಿ ಮುಚ್ಚಲಿಲ್ಲ, ಫ್ರಾನ್ಸಿನಿಂದ ಮಿರಾಜ್ ತಂದರು. ಇದನ್ನು ಯಾರೂ ಹೆಚ್ಚಾಗಿ ನೆನೆಯುವುದಿಲ್ಲ, ನನಗೆ ಮಾತ್ರ ಮೊರಾರ್ಜಿ ಕಾಲದ ದೊಡ್ಡ ಕೆಲಸಗಳಲ್ಲಿ ಇದೂ ಒಂದು ಅನ್ನಿಸುತ್ತದೆ. ಮುರಿಯದೆ ಸಡಿಲಿಸುವುದು ಕಷ್ಟದ ವಿದ್ಯೆ.

ದಿಲ್ಲಿಯಲ್ಲಿ ನಾಯಕ ಬದಲಾದಾಗ ಹೀಗಾಯಿತು. ಮಾಸ್ಕೋದಲ್ಲಿ ಬದಲಾದಾಗ ಏನಾಯಿತು ಎಂಬುದು ಬೇರೆಯೇ ಕಥೆ.

ಬ್ರೆಜ್ನೆವ್, ಆಂಡ್ರೊಪೊವ್, ಚೆರ್ನೆಂಕೊ ಒಬ್ಬರ ಹಿಂದೊಬ್ಬರು ಎರಡೂವರೆ ವರ್ಷದೊಳಗೆ ತೀರಿಕೊಂಡಾಗ ಸ್ನೇಹಕ್ಕೆ ಧಕ್ಕೆಯಾಗಲಿಲ್ಲ. ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದದ್ದು ಆ ಸಾವುಗಳ ನಡುವೆಯೇ, 1984ರ ಏಪ್ರಿಲ್‌ನಲ್ಲಿ. 1985ರಲ್ಲಿ ಗೋರ್ಬಚೆವ್ ಬಂದರು, ರಾಜೀವ್ ಗಾಂಧಿಯವರ ಜೊತೆ ಅವರಿಗೆ ಚೆನ್ನಾಗಿ ಹೊಂದಿಕೆಯಾಯಿತು. ಆದರೆ ಗೋರ್ಬಚೆವ್ ಅಮೆರಿಕಕ್ಕೂ ಚೀನಾಕ್ಕೂ ಒಟ್ಟಿಗೆ ಕೈಚಾಚಿದ್ದರು. ಶತ್ರುಗಳಿಲ್ಲದ ಮನೆಯಲ್ಲಿ ಕಾವಲಿನ ಗೆಳೆಯನಿಗೆ ಎಷ್ಟು ಮರ್ಯಾದೆ? ದಿಲ್ಲಿಗೆ ಈ ಪ್ರಶ್ನೆ ತಡವಾಗಿ ಹೊಳೆಯಿತು.

1991ರ ಆಗಸ್ಟ್. ಮೈತ್ರಿ ಒಪ್ಪಂದದ ಇಪ್ಪತ್ತು ವರ್ಷ ಮುಗಿದು ಅದೇ ತಿಂಗಳು ನವೀಕರಣವಾಗಿತ್ತು. ಗೋರ್ಬಚೆವ್ ವಿರುದ್ಧ ದಂಗೆಯೆದ್ದು 19ರಂದು ಮಾಸ್ಕೋದ ಬೀದಿಗೆ ಟ್ಯಾಂಕುಗಳು ಬಂದವು, ಗೋರ್ಬಚೆವ್ ಕ್ರಿಮಿಯಾದಲ್ಲಿ ಗೃಹಬಂಧನದಲ್ಲಿದ್ದರು. ಪ್ರಧಾನಿಯಾಗಿ ಎರಡೇ ತಿಂಗಳಾಗಿದ್ದ ಪಿ.ವಿ. ನರಸಿಂಹರಾವ್, ಸುಧಾರಣೆಗೆ ಅವಸರ ಮಾಡುವವರಿಗೆ ಇದೊಂದು ಪಾಠ ಎಂಬರ್ಥದ ಮಾತಾಡಿದರು. ಮೂರೇ ದಿನಕ್ಕೆ ದಂಗೆ ನೆಲಕಚ್ಚಿತು, ಟ್ಯಾಂಕಿನ ಮೇಲೆ ನಿಂತು ಎದುರಿಸಿದ ಯೆಲ್ಸಿನ್ ನಾಯಕರಾದರು. ಹಳೆಯ ಗೆಳೆಯನ ಮನೆಯಲ್ಲಿ ಯಜಮಾನ ಬದಲಾಗುವ ಗಳಿಗೆಯಲ್ಲಿ ಆಡಿದ ಒಂದು ಮಾತು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ನವೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ, ದಕ್ಷಿಣ ಏಷ್ಯಾವನ್ನು ಅಣ್ವಸ್ತ್ರಮುಕ್ತ ವಲಯ ಮಾಡಬೇಕೆಂಬ ಪಾಕಿಸ್ತಾನದ ನಿರ್ಣಯಕ್ಕೆ ಮಾಸ್ಕೋ ಪರವಾಗಿ ಮತ ಹಾಕಿತು. ವರ್ಷ ವರ್ಷವೂ ಭಾರತದ ಜೊತೆ ನಿಂತಿದ್ದ ಕೈ ಅದು. ಡಿಸೆಂಬರ್ 25ರ ರಾತ್ರಿ ಕ್ರೆಮ್ಲಿನ್ ಮೇಲಿನ ಕೆಂಬಾವುಟ ಇಳಿಯಿತು.

ಆ ಸುಗ್ಗಿಯಲ್ಲಿ ನಾನು ಮೂಡಿಗೆರೆ ಕಡೆಯ ದೊಡ್ಡಪ್ಪನ ತೋಟದಲ್ಲಿದ್ದೆ. ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿತ್ತು, ರೋಬಸ್ಟಾ ಹಣ್ಣಾಗುತ್ತಿತ್ತು. ಕಣದ ತುಂಬ ಪಾರ್ಚ್‌ಮೆಂಟ್ ಕಾಫಿ ಹರವಿತ್ತು. ಸಂಜೆಯ ಮಂಜು ಬೀಳುವುದರೊಳಗೆ ಅದನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ದೊಡ್ಡಪ್ಪ ಜಗಲಿಯ ಮೇಲೆ ರೇಡಿಯೋ ಇಟ್ಟುಕೊಂಡು ದಿಲ್ಲಿಯ ವಾರ್ತೆ ಕೇಳುತ್ತಿದ್ದರು. ಕೇಳಿ ಮುಗಿಸಿ, ರೇಡಿಯೋ ಆರಿಸಿ, ಕಣದ ಕಡೆ ನೋಡಿಕೊಂಡು ಹೇಳಿದರು: ‘ಇದನ್ನ ಕುಡಿಯೋರು ಹೋದ್ರಲ್ಲೋ ಮಾರಾಯ.’

ನನಗೆ ಆಗ ಅರ್ಥವಾಗಲಿಲ್ಲ. ಅವರಿಗೆ ಪೂರ್ತಿ ಅರ್ಥವಾಗಿತ್ತು. ಎಂಬತ್ತರ ದಶಕದಲ್ಲಿ ಭಾರತದ ಕಾಫಿಗೆ ಅತಿ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಹಾಕುತ್ತಿದ್ದ, ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ದುಡ್ಡು ಬರುತ್ತಿತ್ತು. ಅದು ಯಾರ ಲೋಟಕ್ಕೆ ಹೋಯಿತೆಂದು ಅವನು ಕೇಳಬೇಕಾಗಿರಲಿಲ್ಲ. ಹಿಂದೆ ಕೆಲಸ ಮಾಡುತ್ತಿದ್ದದ್ದು ರೂಪಾಯಿ ವ್ಯಾಪಾರ. ಭಾರತ ಮಿಗ್ ವಿಮಾನಕ್ಕೂ ಕಚ್ಚಾತೈಲಕ್ಕೂ ಡಾಲರ್ ಕೊಡುತ್ತಿರಲಿಲ್ಲ, ರೂಪಾಯಿ ಖಾತೆಗೆ ಬರೆದುಕೊಳ್ಳುತ್ತಿತ್ತು. ಆ ರೂಪಾಯಿಯಲ್ಲಿ ಮಾಸ್ಕೋ ಇಲ್ಲಿಂದ ಚಹಾ, ಕಾಫಿ, ಗೋಡಂಬಿ, ಮೆಣಸು, ಚರ್ಮ, ಬಟ್ಟೆ ಕೊಳ್ಳುತ್ತಿತ್ತು. ದೂರದ ಹ್ಯಾಂಗರಿನ ವಿಮಾನಕ್ಕೂ ಮಲೆನಾಡಿನ ಕಾಫಿ ಗಿಡಕ್ಕೂ ಹೀಗೊಂದು ಬೇರು ಕೂಡಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿದ್ದು ಜಗತ್ತಿನಾದ್ಯಂತ ಬೆಲೆ ಕುಸಿದಿತ್ತು. ಉಳಿದಿದ್ದ ಆಸರೆ ಮಾಸ್ಕೋ. ಈಗ ಅದೂ ಹೋಯಿತು.

ಮುಂದಿನ ಎರಡು ವರ್ಷ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಸಣ್ಣ ಬೆಳೆಗಾರರು ಹೇಗೆ ಕಳೆದರೆಂದು ಆ ಊರುಗಳ ಬ್ಯಾಂಕಿನ ಮ್ಯಾನೇಜರುಗಳಿಗೆ ಗೊತ್ತು. ದೊಡ್ಡಪ್ಪ ಗೊಬ್ಬರ ಹಾಕುವುದನ್ನು ಒಂದು ವರ್ಷ ಬಿಟ್ಟರು, ನೆರಳಿನ ಮರ ಸವರುವ ಮರಗಸಿಯನ್ನು ಮನೆಯವರೇ ಸೇರಿ ಮಾಡಿದರು. ಆ ಒತ್ತಡದಲ್ಲೇ ಪೂಲ್ ಪದ್ಧತಿ ಹಂತ ಹಂತವಾಗಿ ಸಡಿಲವಾಗಿ ತೊಂಬತ್ತರ ದಶಕದ ನಡುವಿಗೆ ಮುಕ್ತ ಮಾರಾಟ ಬಂತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ತೋಟಗಳು ಸುಟ್ಟುಹೋದಾಗ ಇಲ್ಲಿ ಬೆಲೆ ಏರಿತು, ಬೆಳೆಗಾರ ಉಸಿರಾಡಿದ. ಮಾಸ್ಕೋದ ಬಾವುಟ ಇಳಿದದ್ದಕ್ಕೂ ಚಿಕ್ಕಮಗಳೂರಿನ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾದದ್ದಕ್ಕೂ ಇರುವ ನಂಟನ್ನು ಯಾವ ಮೈತ್ರಿ ಒಪ್ಪಂದವೂ ಬರೆದಿರಲಿಲ್ಲ. ನಷ್ಟವಾಯಿತು, ಬಿಡುಗಡೆಯೂ ಆಯಿತು. ಎರಡನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಇನ್ನೂ ಒಂದು ಬೆಲೆ ತೆತ್ತವರು ಬೆಂಗಳೂರಿನಲ್ಲಿದ್ದರು. 1991ರ ಜನವರಿಯಲ್ಲಿ, ಗೋರ್ಬಚೆವ್ ಇನ್ನೂ ಇರುವಾಗಲೇ, ಇಸ್ರೋ ಸೋವಿಯತ್ತಿನ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮೊಸ್ ಜೊತೆ ಸುಮಾರು 235 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತ್ತು. ಕ್ರಯೋಜೆನಿಕ್ ಎಂಜಿನ್ ಜೊತೆಗೆ ಅದನ್ನು ಮಾಡುವ ವಿದ್ಯೆಯನ್ನೂ ಕೊಡಬೇಕು. ಸೊನ್ನೆಗಿಂತ 253 ಡಿಗ್ರಿ ಕೆಳಗೆ ದ್ರವವಾಗುವ ಹೈಡ್ರೋಜನ್, 183 ಡಿಗ್ರಿ ಕೆಳಗಿನ ಆಮ್ಲಜನಕ, ಇವೆರಡನ್ನೂ ಒಂದು ಎಂಜಿನ್ನಿನಲ್ಲಿ ಪಳಗಿಸುವ ವಿದ್ಯೆ ಅದು. ಭಾರದ ಉಪಗ್ರಹಗಳನ್ನು ನಮ್ಮದೇ ರಾಕೆಟ್ಟಿನಲ್ಲಿ ದೂರದ ಕಕ್ಷೆಗೆ ಏರಿಸಲು ಬೇರೆ ದಾರಿ ಇರಲಿಲ್ಲ. ರಷ್ಯನ್ನರು ಆ ಎಂಜಿನ್ನನ್ನು ರೂಪಿಸಿದ್ದು ತಮ್ಮ ಚಂದ್ರಯಾನದ ಕನಸಿಗೆ, ಆ ಕನಸು ಕೈಗೂಡದೆ ಎಂಜಿನ್ ಉಳಿದಿತ್ತು. ಇಸ್ರೋ ಮುಖ್ಯಸ್ಥರಾಗಿದ್ದವರು ಉಡುಪಿಯ ಅದಮಾರಿನ ಯು.ಆರ್. ರಾವ್.

1992ರ ಮೇ ತಿಂಗಳಲ್ಲಿ ಅಮೆರಿಕ ಇಸ್ರೋ ಮೇಲೂ ಗ್ಲಾವ್‌ಕಾಸ್ಮೊಸ್ ಮೇಲೂ ಎರಡು ವರ್ಷದ ನಿರ್ಬಂಧ ಹೇರಿತು. ಅದು ಕ್ಷಿಪಣಿಗೆ ಬಳಕೆಯಾಗುವ ತಂತ್ರಜ್ಞಾನ ಎಂಬುದು ಕಾರಣ. ಉಡಾವಣೆಗೆ ಮುನ್ನ ಗಂಟೆಗಟ್ಟಲೆ ಇಂಧನ ತುಂಬಿ ತಣ್ಣಗಿಡಬೇಕಾದ ಎಂಜಿನ್ ಕ್ಷಿಪಣಿಗೆ ಒಗ್ಗುವುದಿಲ್ಲ ಎಂದು ಇಸ್ರೋದವರು ಹೇಳಿದ್ದು ಕಿವಿಗೆ ಬೀಳಲಿಲ್ಲ. ಬ್ರೆಜ್ನೆವ್ ಕಾಲದ ಮಾಸ್ಕೋ ಆಗಿದ್ದರೆ ಈ ನಿರ್ಬಂಧಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಯೆಲ್ಸಿನ್ ಕಾಲದ ಮಾಸ್ಕೋಗೆ ಡಾಲರ್ ಬೇಕಿತ್ತು, ಅಮೆರಿಕದ ಒಪ್ಪಿಗೆ ಬೇಕಿತ್ತು. 1993ರ ಜುಲೈನಲ್ಲಿ ಅವರು ಬಾಗಿದರು. ಒಪ್ಪಂದ ತಿದ್ದಿ ಬರೆಯಲಾಯಿತು. ಎಂಜಿನ್ನುಗಳು ಬರುತ್ತವೆ, ಕೊನೆಗೆ ಏಳು ಬಂದವು. ವಿದ್ಯೆ ಬರುವುದಿಲ್ಲ.

ಅಲ್ಲಿಂದ ಮುಂದಿನದು ಇಪ್ಪತ್ತು ವರ್ಷದ ಬೆವರು. ರಷ್ಯದ ಎಂಜಿನ್ ಹೊತ್ತ ಮೊದಲ ಜಿಎಸ್‌ಎಲ್‌ವಿ 2001ರ ಏಪ್ರಿಲ್‌ನಲ್ಲಿ ಹಾರಿತು. ನಮ್ಮದೇ ಎಂಜಿನ್ ಹೊತ್ತದ್ದು 2010ರ ಏಪ್ರಿಲ್‌ನಲ್ಲಿ ಹೊರಟು ಸಮುದ್ರಕ್ಕೆ ಬಿತ್ತು. 2013ರ ಆಗಸ್ಟ್‌ನಲ್ಲಿ ಇನ್ನೇನು ಹಾರಬೇಕು ಎನ್ನುವಾಗ ಸೋರಿಕೆ ಕಂಡು ನಿಲ್ಲಿಸಬೇಕಾಯಿತು. 2014ರ ಜನವರಿ 5ರ ಸಂಜೆ ಶ್ರೀಹರಿಕೋಟಾದಿಂದ ಹೊರಟದ್ದು 1,982 ಕೆ.ಜಿ. ತೂಕದ ಜಿಸ್ಯಾಟ್-14 ಉಪಗ್ರಹವನ್ನು ಸರಿಯಾದ ಜಾಗಕ್ಕೆ ಮುಟ್ಟಿಸಿತು. ಆ ಹೊತ್ತಿಗೆ ಯೆಲ್ಸಿನ್ ಸತ್ತು ಆರು ವರ್ಷ ದಾಟಿತ್ತು, ಯು.ಆರ್. ರಾವ್ ಇದ್ದರು. ಇಪ್ಪತ್ತರ ಹರೆಯದಲ್ಲಿ ಈ ಕೆಲಸಕ್ಕೆ ಕೈಹಾಕಿದ ಎಂಜಿನಿಯರುಗಳ ತಲೆ ನರೆತಿತ್ತು. ಅವರ ತಾರುಣ್ಯ ಆ ತಿದ್ದುಪಡಿಗೆ ತೆತ್ತ ಬೆಲೆ, ನಾನು ಹಾಗೆಯೇ ಲೆಕ್ಕ ಹಾಕುತ್ತೇನೆ.

ಇಷ್ಟೆಲ್ಲ ಆದರೂ ಸಂಬಂಧ ಮುರಿಯಲಿಲ್ಲ. 1993ರ ಜನವರಿ ಕೊನೆಗೆ ಯೆಲ್ಸಿನ್ ದಿಲ್ಲಿಗೆ ಬಂದು ಹೊಸ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದರು. ಹೆಸರು ಹೆಚ್ಚುಕಡಿಮೆ ಹಳೆಯದೇ ಇತ್ತು, ಒಂಬತ್ತನೇ ಕಲಮಿನ ಬಲ ಇರಲಿಲ್ಲ. ಭಾರತ ಕೊಡಬೇಕಿದ್ದ ಹಳೆಯ ಸಾಲವನ್ನು ಯಾವ ದರದಲ್ಲಿ ತೀರಿಸಬೇಕು ಎಂಬ ಜಗಳವೂ ಆಗಲೇ ಬಗೆಹರಿಯಿತು. ರೂಬಲ್ ಬೀದಿಗೆ ಬಿದ್ದಿತ್ತು, ಸಾಲ ಮಾತ್ರ ಹಳೆಯ ಕಾಗದದ ದರದಲ್ಲಿ ನಿಂತಿತ್ತು. ಸುಮಾರು ಮೂರನೇ ಎರಡು ಭಾಗಕ್ಕೆ ಬಡ್ಡಿ ಸಹಿತ 12 ವರ್ಷದ ಕಂತು, ಉಳಿದದ್ದಕ್ಕೆ ಬಡ್ಡಿಯಿಲ್ಲದೆ 45 ವರ್ಷದ ಕಂತು ಎಂದಾಯಿತು. ಆ ಸಹಿಯಾದ ಎರಡನೇ ದಿನ, ಜನವರಿ 30ರಂದು, ಬೆಂಗಳೂರಿನಲ್ಲಿ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ತೀರಿಕೊಂಡರು. ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿ, ದೇವಿಕಾರಾಣಿಯವರ ಕೈಹಿಡಿದು, ಕನಕಪುರ ರಸ್ತೆಯ ತಾತಗುಣಿಯ ತೋಟದಲ್ಲಿ ಬದುಕಿದವರು. ಎರಡು ದೇಶಗಳ ನಡುವೆ ಸರ್ಕಾರಗಳಿಗೆ ಸಂಬಂಧವಿಲ್ಲದ ಸ್ನೇಹವೂ ಇರುತ್ತದೆ ಎನ್ನುವುದಕ್ಕೆ ಅವರ ಬದುಕು ಸಾಕ್ಷಿ. ನನ್ನ ಪೀಳಿಗೆಯವರಿಗೆ ಅಂಥ ಇನ್ನೊಂದು ಸಾಕ್ಷಿ ಮಾಸ್ಕೋದಲ್ಲೇ ಅಚ್ಚಾಗಿ ನವಕರ್ನಾಟಕದ ಮಳಿಗೆಗಳಲ್ಲಿ ಸಿಗುತ್ತಿದ್ದ ಕನ್ನಡದ ಮಕ್ಕಳ ಪುಸ್ತಕಗಳು. ದಪ್ಪ ಕಾಗದ, ಗಾಢ ಬಣ್ಣ, ಕಡಿಮೆ ಬೆಲೆ. ಬಾವುಟ ಇಳಿದ ಮೇಲೆ ಅವೂ ನಿಂತುಹೋದವು.

ಕೂಡಂಕುಳಂ ಅಣುಸ್ಥಾವರದ ಕಥೆ ಇನ್ನೂ ವಿಚಿತ್ರ. 1988ರ ನವೆಂಬರ್‌ನಲ್ಲಿ ಅದಕ್ಕೆ ಸಹಿ ಹಾಕಿದವರು ರಾಜೀವ್ ಮತ್ತು ಗೋರ್ಬಚೆವ್. 1991ರಲ್ಲಿ ಒಬ್ಬರು ಕೊಲೆಯಾದರು, ಇನ್ನೊಬ್ಬರಿಗೆ ಆಳಲು ದೇಶವೇ ಇಲ್ಲವಾಯಿತು. ಕಾಗದ ಹತ್ತು ವರ್ಷ ದೂಳು ತಿಂದಿತು. 1998ರಲ್ಲಿ ಮತ್ತೆ ಜೀವ ಬಂತು, 2013ರಲ್ಲಿ ಮೊದಲ ಘಟಕ ಚಾಲೂ ಆಯಿತು. ಅಲ್ಲಿಯ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೂ ಪಾಲಿದೆ.

ಪುಟಿನ್ 2000ದ ಅಕ್ಟೋಬರ್‌ನಲ್ಲಿ ಬಂದು ವ್ಯೂಹಾತ್ಮಕ ಪಾಲುದಾರಿಕೆಯ ಘೋಷಣೆಗೆ ಸಹಿ ಹಾಕಿದರು. ಎದುರಿಗಿದ್ದವರು, 1977ರಲ್ಲಿ ಗ್ರೊಮಿಕೊಗೆ ದಿಗಿಲು ಹುಟ್ಟಿಸಿದ್ದ ಅದೇ ವಾಜಪೇಯಿ, ಈಗ ಪ್ರಧಾನಿ. ಆಮೇಲೆ ಮನಮೋಹನ ಸಿಂಗ್ ಅಮೆರಿಕದ ಜೊತೆ ಅಣು ಒಪ್ಪಂದ ಮಾಡಿಕೊಂಡರು, ಮೋದಿ ಬಂದರು. ಮಾಸ್ಕೋದ ನಂಟು ಉಳಿಯಿತು. ಒಂದೇ ಕುರ್ಚಿಯಲ್ಲಿ ಒಬ್ಬರೇ ಕೂತರೂ ಬೆಲೆ ಬದಲಾಗಬಹುದು ಎಂದು, ರಷ್ಯ ಉಕ್ರೇನ್ ಮೇಲೆ ದಂಡೆತ್ತಿ ಹೋದ 2022 ತೋರಿಸಿತು. ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಗೆ ಬಂದಿದ್ದ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಸಿಕ್ಕಿ ಸತ್ತ. ಮಾರನೆಯ ದಿನ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಷ್ಯವನ್ನು ಖಂಡಿಸುವ ನಿರ್ಣಯ ಬಂದಾಗ ಭಾರತ ಮತದಾನದಿಂದ ದೂರ ಉಳಿಯಿತು. ಅದರ ಹಿಂದಿನ ಲೆಕ್ಕ ನನಗೆ ಗೊತ್ತು, ಮಿಗ್, ಸುಖೋಯ್, ಎಸ್-400, ತೈಲ ಎಲ್ಲವೂ ಗೊತ್ತು. ಆ ದಿನ ಮಾತ್ರ ಆ ಲೆಕ್ಕ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಇಂದಿಗೂ ಇಳಿದಿಲ್ಲ.

ಯುದ್ಧಕ್ಕೆ ಮುಂಚೆ ನಾವು ಕೊಳ್ಳುವ ಕಚ್ಚಾತೈಲದಲ್ಲಿ ರಷ್ಯದ್ದು ನೂರಕ್ಕೆ ಎರಡರಷ್ಟೂ ಇರಲಿಲ್ಲ. ಒಂದೆರಡು ವರ್ಷದಲ್ಲಿ ಮೂರರಲ್ಲೊಂದು ಪಾಲಾಯಿತು. 2025ರಲ್ಲಿ ವಾಷಿಂಗ್ಟನ್‌ನಲ್ಲಿ ಟ್ರಂಪ್ ಮರಳಿ ಬಂದು ಅದೇ ತೈಲದ ಕಾರಣಕ್ಕೆ ನಮ್ಮ ಸರಕಿನ ಮೇಲೆ ಹೆಚ್ಚುವರಿ ಸುಂಕ ಹೇರಿದರು. ಗೆಳೆಯರಿಬ್ಬರಲ್ಲಿ ಯಾರೂ ಬದಲಾಗದೆ ಮೂರನೆಯವನ ಮನೆಯಲ್ಲಿ ಯಜಮಾನ ಬದಲಾದದ್ದಕ್ಕೆ ತೆತ್ತ ಬೆಲೆ ಅದು. ಅದಕ್ಕೂ ಮುಂಚೆ, 2023ರ ಮೇ ತಿಂಗಳಲ್ಲಿ ರಷ್ಯದ ವಿದೇಶಾಂಗ ಸಚಿವ ಲಾವ್ರೊವ್ ಗೋವಾದಲ್ಲಿ ಹೇಳಿದ್ದರು: ತೈಲ ಮಾರಿ ಬಂದ ರೂಪಾಯಿ ಭಾರತದ ಬ್ಯಾಂಕುಗಳಲ್ಲಿ ಕೋಟಿಗಟ್ಟಲೆ ಬಿದ್ದಿದೆ, ಬಳಸಲು ದಾರಿ ಕಾಣದು.

ದೊಡ್ಡಪ್ಪ ಈಗಿಲ್ಲ. ತೋಟ ನೋಡಿಕೊಳ್ಳುವುದು ಅವರ ಮಗ. ಲಾವ್ರೊವ್ ಮಾತನ್ನು ನಾನು ಅವನಿಗೆ ಹೇಳಿದ್ದು ಅದೇ ಕಣದ ಪಕ್ಕದಲ್ಲಿ ಕೂತು. ಅವನು ಮೊಬೈಲಿನಲ್ಲಿ ಲಂಡನ್ನಿನ ರೋಬಸ್ಟಾ ದರ ನೋಡುತ್ತಿದ್ದ. ‘ಹಂಗಾರೆ ಕಾಫಿ ತಗಳ್ಳಿ ಅನ್ನು, ಅಪ್ಪನ ಕಾಲದಲ್ಲಿ ತಗಂಡಂಗೆ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಪುಟಿನ್ ಆದ್ಮೇಲೆ ಯಾರಂತಣ್ಣ?’ ಎಂದು ಕೇಳಿದ. ನಾನು ಸುಮ್ಮನಿದ್ದೆ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಅವನು ಮೊಬೈಲು ಜೇಬಿಗೆ ಹಾಕಿಕೊಂಡು ಎದ್ದ, ಟಾರ್ಪಾಲಿನ ಒಂದು ತುದಿ ನನ್ನ ಕೈಗೆ ಕೊಟ್ಟ.